ಮುಂದಿನ ತಿಂಗಳ ಮುಖ

ಹೊಸನಗರದ ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು ಗಣೇಶಮೂರ್ತಿಯವರು ದೆವ್ವದ ಕಾದಂಬರಿಗಳಿಗೆ ಮುಖಪುಟ ಬರೆಯುತ್ತಿದ್ದ ಸಂಗತಿ ಊರಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮೇಷ್ಟ್ರಾದವರಿಗೆ ಅದು ಶೋಭೆಯಲ್ಲವೆಂದು ಚಿತ್ರದ ಮೂಲೆಯಲ್ಲಿ ‘ಕಿರಣ’ ಎಂದಷ್ಟೇ ಸಹಿ ಹಾಕುತ್ತಿದ್ದರು.

ಎಪ್ಪತ್ತೊಂಬತ್ತರ ಜನವರಿಯಲ್ಲಿ ಬೆಂಗಳೂರಿನ ಪ್ರಕಾಶಕರಿಂದ ಪತ್ರ ಬಂತು. ‘ನಿಮ್ಮ ದೆವ್ವಗಳೆಲ್ಲ ಕೂದಲು ಬಿಚ್ಚಿಕೊಂಡು ಒಂದೇ ಥರ ನಿಂತಿರುತ್ತವೆ. ಓದುಗರು ಹೆದರುವುದನ್ನೇ ಬಿಟ್ಟಿದ್ದಾರೆ. ಈ ಸಲ ಕಂಡರಿಯದ ಮುಖ ಬೇಕು.’

ಪತ್ರ ಓದಿ ತಲೆಯೆತ್ತಿದರೆ, ಕಿಟಕಿಯಾಚೆ ದುಗ್ಗಮ್ಮ ತೊಟ್ಟಿಗೆ ನೀರು ತುಂಬುತ್ತಿದ್ದಳು. ಶಾಲೆಯ ಕಸ, ನೀರು, ಗಂಟೆ ಎಲ್ಲ ಅವಳದೇ. ಹರೆಯದಲ್ಲಿ ಕೊಡಚಾದ್ರಿಯ ಕಾಡಿಗೆ ಉಪ್ಪಾಗೆ ಹಣ್ಣು ಹೆಕ್ಕಲು ಹೋದಾಗ ಕರಡಿ ಹಿಡಿದು ಎಡಗೆನ್ನೆ ಕಿತ್ತುಹೋಗಿತ್ತು. ಆ ಬದಿಯ ಕಣ್ಣು ಮುಚ್ಚಲು ಬರುತ್ತಿರಲಿಲ್ಲ.

ಗಣೇಶಮೂರ್ತಿಗಳು ಎರಡು ದಿನದಲ್ಲಿ ಚಿತ್ರ ಮುಗಿಸಿದರು. ಕೋರೆಹಲ್ಲು, ಕೆಂಪು ಬೆಳಕು ಸೇರಿಸಿ, ಇದು ಅವಳಲ್ಲ ಎಂದು ತಮಗೆ ತಾವೇ ಹೇಳಿಕೊಂಡರು. ಅಷ್ಟು ಚೆನ್ನಾಗಿ ಅವರು ಹಿಂದೆಂದೂ ಬರೆದಿರಲಿಲ್ಲ.

ಮೂರು ವಾರಕ್ಕೆ ಬಸ್ ಸ್ಟ್ಯಾಂಡಿನ ಪುಸ್ತಕದಂಗಡಿಗೆ ಆ ಚಿತ್ರದ ಪೋಸ್ಟರ್ ಬಂತು: ‘ಮುಂದಿನ ತಿಂಗಳು ನಿರೀಕ್ಷಿಸಿ.’ ಹುಡುಗರಿಗೆ ಗುರುತು ಹಿಡಿಯಲು ಒಂದು ಗಳಿಗೆ ಸಾಕಾಯಿತು.

“ದುಗ್ಗಮ್ಮ, ಮುಂದಿನ ತಿಂಗ್ಳು ಬರ್ತೀಯಾ?” ಎಂದು ಕೇಳಿ ಓಡುತ್ತಿದ್ದರು.

ಅವಳು ಸೆರಗಿನಿಂದ ಕೆನ್ನೆ ಮುಚ್ಚಿಕೊಂಡು ಮೂರು ದಿನ ಗಂಟೆ ಹೊಡೆದಳು. ನಾಲ್ಕನೇ ದಿನ ಬರಲಿಲ್ಲ. ನಿಟ್ಟೂರಿನ ಮಗಳ ಮನೆಗೆ ಹೋದಳೆಂದು ತಿಳಿಯಿತು.

ಭಾನುವಾರ ಗಣೇಶಮೂರ್ತಿಗಳು ನಿಟ್ಟೂರಿಗೆ ಹೊರಟರು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಹೇಳಬೇಕಾದ ಮಾತು ಕೂಡಿಸಿಕೊಂಡರು. ಮಗಳು ಸರೋಜ ಚಾಪೆ ಹಾಸಿ ಮಜ್ಜಿಗೆ ಕೊಟ್ಟಳು. ಅವರು ಬಾಯಿ ತೆರೆಯುವ ಮೊದಲೇ ದುಗ್ಗಮ್ಮ ಎದುರು ಬಂದು ಕೂತಳು.

“ನೀವೇ ಬಂದ್ರಾ ಮೇಷ್ಟ್ರೇ. ಒಳ್ಳೇದಾತು. ನಂಗೊಂದು ಕಾಗ್ದ ಬರ್ಕೊಡಿ.”

“ಯಾರಿಗೆ?”

“ಆ ಪಟ ಬರ್ದೋರಿಗೆ.”

ಅವಳು ಹೇಳುತ್ತ ಹೋದಳು, ಅವರು ಬರೆಯುತ್ತ ಹೋದರು. “ನಿಮ್ಗೆ ನನ್ನ ಗುರ್ತಿಲ್ಲ. ನನ್ನ ಎಲ್ಲಿ ನೋಡಿದ್ರಿ? ಕರಡಿ ಹಿಡಿದಾಗ ನಂಗೆ ಇಪ್ಪತ್ತಾರು. ಅದಕ್ಕೆ ಮರಿ ಇತ್ತು, ಅದ್ರ ತಪ್ಪಿಲ್ಲ. ನಿಮ್ಗೆ ನಾ ಎಂತ ಮಾಡಿದ್ದೆ?”

ಹೆಬ್ಬೆಟ್ಟು ಒತ್ತಿಸಿಕೊಂಡು, ಕಾಗದವನ್ನು ಜೇಬಿಗಿಟ್ಟುಕೊಂಡು ಗಣೇಶಮೂರ್ತಿಗಳು ಎದ್ದುಬಂದರು. ಒಂದು ಬಸ್ಸು ಬಂತು, ಹೋಯಿತು. ಅವರು ಹತ್ತಲಿಲ್ಲ. ಮತ್ತೆ ಆ ಅಂಗಳಕ್ಕೆ ನಡೆದು, ನಿಂತಲ್ಲೇ ಹೇಳಿಬಿಟ್ಟರು.

“ಅದು ನಾನೇ ಬರೆದಿದ್ದು, ದುಗ್ಗಮ್ಮ.”

ಅವಳು ಕೆನ್ನೆಯ ಮೇಲಿನ ಸೆರಗು ಸರಿಸಿ ಅವರ ಮುಖ ನೋಡಿದಳು.

“ಆವತ್ತು ನಾ ನೀರು ತುಂಬೋವಾಗ ಕಿಟ್ಕೀಲಿ ನಿಂತು ನೋಡ್ತಿದ್ರಿ. ಈ ಮುಖಾನ ಅಷ್ಟೊತ್ತು ಯಾರೂ ನೋಡಲ್ಲ. ಹೇಸ್ದೆ ನೋಡೋರು ಒಬ್ರಾದ್ರೂ ಇದಾರೆ ಅಂತ ಸರೋಜಂಗೆ ಹೇಳಿದ್ದೆ.”

ಅವರ ತಲೆ ಮೇಲೇಳಲಿಲ್ಲ. “ನಾನೀಗ ಏನು ಮಾಡ್ಲಿ?” ಎಂದರು.

“ಹುಡುಗ್ರಿಗೆ ಹೇಳಿ.”

ಸೋಮವಾರ ಪ್ರಾರ್ಥನೆ ಮುಗಿದ ಮೇಲೆ ಹೇಳಿದರು. ದನಿ ಮುಂದಿನ ಎರಡು ಸಾಲಿಗಷ್ಟೇ ಕೇಳಿಸಿತು. ಸಂಜೆಯೊಳಗೆ ಊರಿಗೆಲ್ಲ ಗೊತ್ತಾಯಿತು. ಪುಸ್ತಕವನ್ನು ನಿಲ್ಲಿಸುವುದು ಆಗಲಿಲ್ಲ. ಹೇಳಿದ ತಿಂಗಳಿಗೇ ಬಂದು ಚೆನ್ನಾಗಿ ಖರ್ಚಾಯಿತು. ಅಂಥದೇ ಇನ್ನೊಂದು ಬೇಕೆಂದು ಬಂದ ಪತ್ರಕ್ಕೆ ಅವರು ಉತ್ತರಿಸಲಿಲ್ಲ.

ದುಗ್ಗಮ್ಮ ಕೆಲಸಕ್ಕೆ ಮರಳಿದಳು. ಗಣೇಶಮೂರ್ತಿಗಳು ಜೂನಿನಲ್ಲಿ ತೀರ್ಥಹಳ್ಳಿಗೆ ವರ್ಗ ಮಾಡಿಸಿಕೊಂಡರು. ಹೊರಡುವ ದಿನ ಗೇಟಿನ ಹತ್ತಿರ ಅವಳು ಸಿಕ್ಕಳು.

“ಊರು ಬದ್ಲಾದ್ರೆ ನಿಮ್ಗೆ ಸಲೀಸು ಮೇಷ್ಟ್ರೇ,” ಎಂದಳು. “ಅಲ್ಲಿ ನಿಮ್ಮನ್ನ ಯಾರೂ ಗುರ್ತು ಹಿಡಿಯಲ್ಲ.”

ಮಾತಿನಲ್ಲಿ ಕೊಂಕಿರಲಿಲ್ಲ. ಅವರು ಕೈಮುಗಿದು ರಸ್ತೆಗಿಳಿದರು.