ಅಂಪಾರೋ ಮಾಡಿದ ಕಾಳಿನ ಸಾರು

ಕಾರಟಗಿಯ ರುದ್ರೇಶ ಅಕ್ಕಿ ಗಿರಣಿಯ ಯಂತ್ರ ಕೂಡಿಸಲು ಕೊಲಂಬಿಯಕ್ಕೆ ಹೋಗಿ ಹನ್ನೆರಡು ದಿನ ಇದ್ದು ಬಂದ. ಸಾವಿರ ಕಾಳಿನಲ್ಲಿ ಒಂದು ಕಪ್ಪು ಕಾಳಿದ್ದರೂ ಹಿಡಿದು ಹೊರಗೂದುವ ಯಂತ್ರ ಅದು. ಅವನ ನಾಲಿಗೆಗೆ ಆ ಸೌಲಭ್ಯ ಇರಲಿಲ್ಲ.

ಅಲ್ಲಿಂದ ದಿನಾ ಫೋನು ಮಾಡಿ ಊಟ ವರ್ಣಿಸುತ್ತಿದ್ದ. ಅರೇಪಾ ಎಂಬ ಮೆಕ್ಕೆಜೋಳದ ದಪ್ಪ ರೊಟ್ಟಿ, ಚಹಾದ ಬದಲು ಬೆಲ್ಲ ಕುದಿಸಿದ ನೀರು, ಬಿಸಿ ಚಾಕೊಲೇಟಿನೊಳಗೆ ಮುಳುಗಿಸಿಟ್ಟು ಚಮಚದಿಂದ ಎತ್ತಿ ತಿನ್ನುವ ಚೀಸು. ಎಲ್ಲಕ್ಕೂ ಮೇಲೆ, ಅವನಿದ್ದ ಮನೆಯ ಒಡತಿ ಅಂಪಾರೋ ಮಾಡುವ ಕೆಂಪು ಕಾಳಿನ ಸಾರು. ಊರಿಗೆ ಬಂದವನು ಸಾರಿನ ಮಾತನ್ನೇ ಬಿಟ್ಟ. ತಾಯಿ ಕಳಕಮ್ಮ ಬಿಡಲಿಲ್ಲ. "ಆಕಿಗೆ ಫೋನ್ ಹಚ್ಚೋ, ಹೆಂಗ ಮಾಡ್ತಾಳ ಕೇಳತೀನಿ" ಎಂದಳು.

ಅವತ್ತು ಮಧ್ಯಾಹ್ನ ರುದ್ರೇಶ ಪಕ್ಕದ ನಮ್ಮ ಮನೆಗೆ ಬಂದು ಬಾಗಿಲು ಮುಚ್ಚಿದ.

"ಕಾಕಾ, ಅದರಾಗ ಹಂದಿ ತೊಗಲು ಕುದಸ್ತಾಳರೀ. ಮಾಂಸ ಬ್ಯಾಡ ಅಂದಿದ್ದೆ. ಆಕಿ ತುಂಡು ಎತ್ತಿಟ್ಟು ಸಾರು ನನಗ ನೀಡಿದ್ಲು. ತಗದಮ್ಯಾಗ ಇಲ್ಲಲ್ಲ ಅಂತ ಆಕಿ ಲೆಕ್ಕ."

ಕಳಕಮ್ಮನ ಮನೆಯಲ್ಲಿ ತಾಟಿಗೆ ಬಿದ್ದದ್ದೆಲ್ಲ ಪ್ರಸಾದ. ಒಂದಗಳು ಬಿಡದೆ ಉಂಡು, ತಾಟು ತೊಳೆದು ಆ ನೀರನ್ನೂ ಕುಡಿಯಬೇಕು. ರುದ್ರೇಶ ಅಲ್ಲೂ ಹಾಗೇ ಮಾಡಿದ. ತನ್ನ ಸಾರಿಗೆ ಇಂಥ ಮರ್ಯಾದೆಯನ್ನು ಅಂಪಾರೋ ಜನ್ಮದಲ್ಲಿ ಕಂಡಿರಲಿಲ್ಲ. ದಿನಾ ಅದನ್ನೇ ಮಾಡಿದಳು.

"ಅವ್ವಗ ಗೊತ್ತಾದ್ರ ನನ್ನ ಕೈಯಾಗಿನ ನೀರೂ ಮುಟ್ಟಂಗಿಲ್ಲರೀ." ಅವನ ಕೈ ಅಂಗಿಯ ಮೇಲಿಂದಲೇ ಕೊರಳಿನ ಲಿಂಗವನ್ನು ಹಿಡಿದಿತ್ತು.

ಸಂಜೆ ಅವನು ನನ್ನನ್ನೂ ತಮ್ಮ ಮನೆಗೆ ಕರೆದೊಯ್ದ. ಇಲ್ಲಿ ಆರೂವರೆ, ಕೊಲಂಬಿಯದಲ್ಲಿ ಬೆಳಗಿನ ಎಂಟು. ಅವನ ತಂಗಿ ಐಶ್ವರ್ಯ ಮೊಬೈಲು ಎತ್ತಿ ಹಿಡಿದಳು. ಅಂಪಾರೋ ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ಇನ್ನೊಂದು ಮೊಬೈಲು ಕನ್ನಡದಲ್ಲಿ, ವಾರ್ತೆ ಓದುವ ದನಿಯಲ್ಲಿ, ಒಪ್ಪಿಸುತ್ತಿತ್ತು.

"ಕೆಂಪು ಕಾಳುಗಳನ್ನು ನೆನೆಸಿರಿ. ಹಸಿರು ಬಾಳೆಕಾಯಿಯನ್ನು ಹಾಕಿರಿ."

"ಬಾಳಿಕಾಯಿ!" ಕಳಕಮ್ಮ ಮೆಚ್ಚಿದಳು. "ಮುಂದ?"

"ಟೊಮೆಟೊ. ಈರುಳ್ಳಿ."

ರುದ್ರೇಶನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗಿಳಿದಿತ್ತು.

"ನೆಟ್‌ವರ್ಕ್ ಸರಿ ಇಲ್ಲ, ಕಟ್ ಮಾಡವಾ," ಎಂದ.

"ಕನ್ನಡಿ ಇದ್ದಂಗ ಐತಲ್ಲೋ ಅಣ್ಣಾ," ಎಂದಳು ಐಶ್ವರ್ಯ.

"ಈಗ ಮುಖ್ಯವಾದದ್ದು," ಎಂದಿತು ಮೊಬೈಲು. ಅಂಪಾರೋ ಗಡಿಗೆಯ ಮುಚ್ಚಳ ತೆಗೆದು ಸವಟು ಇಳಿಸಿದಳು.

"ಹಂದಿ ತೊಗಲವ್ವಾ!" ರುದ್ರೇಶ ಕೂಗಿದ. "ಹನ್ನೆರಡು ದಿನ ಉಂಡೀನಿ. ಗೊತ್ತಿದ್ದಿಲ್ಲ."

ಕಳಕಮ್ಮ ಮೊಬೈಲಿನಿಂದ ಕಣ್ಣು ತೆಗೆದು ಮಗನನ್ನು ನೋಡಿದಳು.

"ಯಾವಾಗ ಗೊತ್ತಾತು?"

"ಕಡೀ ದಿನ. ನೀಡಿ ಆಗಿತ್ತು. ಆಕಿ ಎದುರಿಗೆ ಕುಂತು ನೋಡಾಕತ್ತಿದ್ಲು."

"ಏನ್ ಮಾಡಿದಿ?"

ಇದನ್ನು ಅವನು ನನಗೂ ಹೇಳಿರಲಿಲ್ಲ. "ಉಂಡೆ. ತಾಟು ತೊಳದು ಕುಡದೆ."

ಪರದೆಯಲ್ಲಿ ಅಂಪಾರೋ ಸವಟು ಹಿಡಿದು, ಏನಾಯಿತೆಂದು ತಿಳಿಯದೆ ಕಾಯುತ್ತಿದ್ದಳು. ಕಳಕಮ್ಮ ಸೆರಗು ಸರಿಮಾಡಿಕೊಂಡಳು.

"ಐಶು, ಆಕಿಗೆ ಹೇಳು. ಪರದೇಶದಾಗ ನನ್ನ ಮಗನ್ನ ಉಪಾಸ ಇಟ್ಟಿಲ್ಲ, ಶರಣು ಅಂತ."

ಆಮೇಲೆ ಮಗನ ಕಡೆ ತಿರುಗಿದಳು. "ಮುಂಜಾನೆ ಸ್ನಾನ ಮಾಡಿ ಮಠಕ್ಕ ನಡಿ. ಅಯ್ಯನೋರು ಹೇಳೂತನ ಅಡಗಿಮನ್ಯಾಗ ಕಾಲಿಡಬ್ಯಾಡ. ಅವರ ಮುಂದ ನಾನಽ ಮಾತಾಡ್ತೀನಿ. ನೀ ಬಾಯಿ ಬಿಟ್ರ ಕಡೀ ದಿನದ್ದೂ ಹೇಳಿಬಿಡ್ತಿ."

ರುದ್ರೇಶ ಗೋಣು ಹಾಕಿದ. ನನ್ನನ್ನು ಕಳಿಸಲು ಹೊರಗೆ ಬಂದವನು ಚಪ್ಪಲಿ ಹುಡುಕುತ್ತಿದ್ದ ನನ್ನ ತೋಳು ಹಿಡಿದು ಪಿಸುಗುಟ್ಟಿದ:

"ಕಾಕಾ, ಅವ್ವಗ ಸುಳ್ಳ ಹೇಳಾಕ ಬರ್ತೈತೇನ್ರೀ?"