ಫೆಬ್ರವರಿ ಮೂವತ್ತನ್ನು ಒಪ್ಪದವಳು

ಕುಚ್ಚಲಕ್ಕಿ ತೊಳೆದು ಒಲೆಗೇರಿಸುವುದು, ಬಚ್ಚಲ ಹಂಡೆಗೆ ಬೆಂಕಿ ಮಾಡುವುದು, ನೀರುದೋಸೆಯ ಅಕ್ಕಿ ರುಬ್ಬುವುದು, ಅತ್ತೆಯ ಥೈರಾಯ್ಡ್ ಮಾತ್ರೆಯನ್ನು ಮಂಚದ ಬಳಿ ಇಡುವುದು, ಮಗಳು ಪ್ರಾಪ್ತಿಯ ಬುತ್ತಿ ಕಟ್ಟುವುದು, ಇಷ್ಟರ ನಡುವೆ ಒದ್ದೆ ಕೈಯನ್ನು ನೈಟಿಗೆ ಒರೆಸಿಕೊಂಡು ಊಟದ ಮೇಜಿನ ಮೇಲಿನ ಲ್ಯಾಪ್‌ಟಾಪಿಗೆ ಬಂದು ಒಂದು ಗಡಿಯಾರಕ್ಕೆ ಸುಳ್ಳು ಹೇಳಿ ನೋಡುವುದು: ಶಿರ್ತಾಡಿಯ ಶಶಿಪ್ರಭಾ ಬೆಳಕು ಹರಿಯುವ ಮೊದಲೇ ಇಷ್ಟನ್ನು ಮುಗಿಸಿರುತ್ತಾಳೆ.

ಗಡಿಯಾರವೆಂದರೆ ಗೋಡೆಯದಲ್ಲ, ಲಸಿಕೆಯ ಫ್ರಿಜ್ಜಿಗೆ ಅಂಟಿಸುವ ಪುಟ್ಟ ಪೆಟ್ಟಿಗೆಯೊಳಗಿನ ಚಿಪ್. ಫ್ರಿಜ್ಜು ಯಾವಾಗ ಬಿಸಿಯಾಯಿತೆಂದು ಪೆಟ್ಟಿಗೆ ಬರೆದಿಡುವುದು ಈ ಚಿಪ್ ಹೇಳಿದ ತಾರೀಕಿನ ಮೇಲೆ. ಚಿಪ್ಪಿಗೆ ವಿವೇಕವಿಲ್ಲ, ಹದಿಮೂರನೆಯ ತಿಂಗಳೆಂದರೂ ನುಂಗುತ್ತದೆ. ಪ್ರತಿ ಅಂಕಿಯನ್ನೂ ಬಾಗಿಲಲ್ಲೇ ತಡೆದು ವಿಚಾರಿಸುವ ಡ್ರೈವರ್ ಎಂಬ ತಂತ್ರಾಂಶವನ್ನು ಬರೆದು, ಸುಳ್ಳು ತಾರೀಕು ಕೊಟ್ಟು ಪರೀಕ್ಷಿಸುವವಳು ನಮ್ಮ ಶಶಿ.

ಪಕ್ಕದ ಮನೆಯವಳಾದ ನಾನು ಈ ವಿಚಾರಣೆಯನ್ನು ಅವಳ ಅಡುಗೆಮನೆಯಲ್ಲೂ ಕೇಳಿದ್ದೇನೆ. ಗಂಡ ರೋಹಿತ್ ಮೂಡುಬಿದಿರೆಯಿಂದ ಫೋನ್ ಮಾಡುತ್ತಾನೆ: "ಮಧ್ಯಾಹ್ನ ಊಟಕ್ಕೆ ಎರಡು ಮೂರು ಜನ ಉಂಟು."

"ಎರಡೋ, ಮೂರೋ? ಹೋದ ಸಲದ ನಿಮ್ಮ ಎರಡು ಮೂರು ಏಳಾಗಿತ್ತು. ಸರಿಯಾಗಿ ಹೇಳಿ, ಆಮೇಲೆ ಅಕ್ಕಿ ಅಳೀತೇನೆ."

ಅತ್ತೆ ಪ್ರೇಮಾವತಿಗೆ ತಡೆಯುವುದಿಲ್ಲ. "ಸಾರಿಗೆ ಸ್ವಲ್ಪ ನೀರು ಹಾಕಿದ್ರೆ ಆಯ್ತಲ್ಲ ಮಾರಾಯ್ತಿ. ನಾವೆಲ್ಲ ಹಾಗೇ ಸುಧಾರಿಸಿದ್ದು."

"ಹೌದು ಅತ್ತೆ, ಸುಧಾರಿಸಿದ್ದು ನೀವು. ಕೊನೆಗೆ ಪಾತ್ರೆ ಕೆರೆದು ಉಂಡದ್ದೂ ನೀವೇ."

ಮುಂದಿನ ಸಲ ಮಗನ ಫೋನ್ ಬಂದಾಗ ಒಳಗಿಂದ ಕೂಗಿದ್ದು ಅತ್ತೆಯೇ: "ಎಷ್ಟು ಜನ ಅಂತ ಮೊದಲು ಕೇಳು!"

ಕಚೇರಿಯ ವಿಡಿಯೋ ಕರೆ ಬಂದರೆ ನೈಟಿಯ ಮೇಲೊಂದು ಕಪ್ಪು ಕೋಟು ಏರುತ್ತದೆ, ಒಗ್ಗರಣೆಯ ವಾಸನೆ ಅಂಟಿದ ಕೋಟು. ಮೊನ್ನೆ ಆ ಕೋಟಿನಲ್ಲೇ ಅವಳು ಮಂಗಳೂರಿನ ಮ್ಯಾನೇಜರ್ ರಾಮಪ್ರಸಾದರ ಮುಂದೆ ಕುಳಿತಿದ್ದಳು.

"ಆಸ್ಪತ್ರೆಯವರು ಕೈತಪ್ಪಿ ಫೆಬ್ರವರಿ ಮೂವತ್ತು ಅಂತ ತಾರೀಕು ಹಾಕಿದ್ರೆ ಪೆಟ್ಟಿಗೆ ಮುಷ್ಕರ ಹೂಡ್ತದೆ ಮೇಡಂ. ಸುಮ್ಮನೆ ಮಾರ್ಚ್ ಎರಡು ಅಂತ ತಿದ್ದಿಕೊಳ್ಳಲಿ. ಗಿರಾಕಿಗಳಿಗೆ ಕಿರಿಕಿರಿ ಬೇಡ."

"ಹಾಕಿದವರ ಮನಸ್ಸಲ್ಲಿ ಇದ್ದದ್ದು ಇಪ್ಪತ್ತೋ, ಮಾರ್ಚ್ ಮೂವತ್ತೋ, ನಮಗೆ ಹೇಗೆ ಗೊತ್ತು ಸರ್? ನಾವೇ ತಿದ್ದಿದ್ರೆ ತಪ್ಪಾಯ್ತು ಅಂತ ಅವರಿಗೆ ತಿಳಿಯುವುದೇ ಇಲ್ಲ. ಫ್ರಿಜ್ಜು ಬಿಸಿಯಾದ ದಿನ ಒಂದು, ಬರೆದ ದಿನ ಇನ್ನೊಂದು. ಕೆಟ್ಟ ಲಸಿಕೆ ಯಾವುದೋ ಮಗುವಿಗೆ ಹೋಗ್ತದೆ."

"ನಿಮ್ಮ ಕೆಲಸ ಖಾಯಂ ಆಗುವುದು ಈ ಪೆಟ್ಟಿಗೆಯ ಮೇಲೆಯೇ ಉಂಟು, ನೆನಪಿರಲಿ. ಡ್ರೈವರ್ ತಿದ್ದಿ ನಾಳೆ ಬೆಳಿಗ್ಗೆ ಕಳಿಸಿ."

ಕೋಟು ಬಿಚ್ಚಿಟ್ಟು, ನನ್ನ ಕೈಗೆ ಚಹಾ ಕೊಡುವಾಗಲೂ ಅವಳ ಮುಖ ಬಿಗಿದೇ ಇತ್ತು. "ಖಾಯಂ ಆದ್ರೆ ಒಳ್ಳೇದಿತ್ತು ಅಕ್ಕ" ಎಂದಳು, ಅಷ್ಟೇ.

ಬೇರೆಯವರ ತಪ್ಪನ್ನು ಸದ್ದಿಲ್ಲದೆ ಸರಿಪಡಿಸಿ, ಏನೂ ಆಗಿಲ್ಲವೆಂಬಂತೆ ಬಡಿಸುವುದನ್ನೇ ನಮ್ಮ ಮನೆಗಳು ಹೆಣ್ಣಿನ ಜಾಣ್ಮೆಯೆಂದು ಹೊಗಳುತ್ತ ಬಂದಿವೆ. ತಪ್ಪನ್ನು ತಂದವನ ಕೈಗೇ ಹಿಂದಿರುಗಿಸುವವಳಿಗೆ ಹಟಮಾರಿ ಎಂಬ ಹೆಸರು ಬರುತ್ತದೆ. ಅಂಥ ಹಟಮಾರಿಯೊಬ್ಬಳು ಇರುವ ಕೇರಿಯಲ್ಲಿ ನಾನಿದ್ದೇನೆ ಎನ್ನುವುದು ನನ್ನ ಹೆಮ್ಮೆ.

ಮರುದಿನ ನಸುಕಿನಲ್ಲಿ, ಮನೆಯೆಲ್ಲ ಮಲಗಿರುವಾಗ, ಶಶಿ ಒಲೆಯ ಉರಿ ತಗ್ಗಿಸಿ ಬಂದು ಇನ್ನೊಮ್ಮೆ ಫೆಬ್ರವರಿ ಮೂವತ್ತು ಎಂದು ಒತ್ತಿದಳು. ಡ್ರೈವರ್ ಒಪ್ಪಲಿಲ್ಲ. ಅದನ್ನು ಹಾಗೆಯೇ ಬಿಟ್ಟು, ಕೆಳಗೆ ತನ್ನ ಹೆಸರು ಹಾಕಿ ಕಳುಹಿಸಿದಳು.