ಒಂದೇ ಥಾನಿನ ಖಣ

"ವೈನಿ, ಉಡಿಯಾಗಿನ ಅಕ್ಕಿ ಸೋರಾಕ ಹತ್ಯಾವ್ರಿ," ಎಂದ ಅಂಬಿಗ ಧೋಂಡಿಬಾ, ಘಾಟಿನ ಮೆಟ್ಟಿಲಿಗೆ ಕಟ್ಟಿದ ನಾವೆಯ ತುದಿಯಲ್ಲಿ ಕೂತು ತಂಬಾಕು ತಿಕ್ಕುತ್ತ.

ನೀಲಗಂಗವ್ವ ಬಗ್ಗಿ ನೋಡಿದಳು. ಈಗಷ್ಟೇ ತುಂಬಿಸಿಕೊಂಡು ಬಂದ ಉಡಿಯ ಗಂಟು ಸಡಿಲಾಗಿ ಕಾಳು ಹಲಗೆಯ ಮೇಲೆ ಉದುರುತ್ತಿದ್ದವು. ಬಿಗಿದು ಕಟ್ಟೋಣವೆಂದು ಸೆರಗು ಬಿಚ್ಚಿದಳು.

ಮಿರಜಿನಿಂದ ಗಂಡಹೆಂಡತಿ ಬೆಳಿಗ್ಗೆ ಹೊರಟದ್ದು ಭಿಲವಡಿಗೆ, ಅವಳ ಅಕ್ಕನ ಮೊಮ್ಮಗುವಿನ ತೊಟ್ಟಿಲಿಗೆ. ಗಾಡಿ ಬೇಡ, ಹೊಳೆಯ ಮೇಲೆ ಹಾಯಾಗಿ ಹೋಗೋಣ ಎಂದವನು ಗಂಡ ಗುರುಸಿದ್ಧಪ್ಪನೇ. ಅರಿಷಿಣದ ಪೇಟೆ ಬಿಟ್ಟು ಅಲ್ಲಾಡದ ಮನುಷ್ಯ ಇಬ್ಬರಿಗಾಗಿ ಒಂದು ನಾವೆಯನ್ನೇ ಗೊತ್ತು ಮಾಡಿದಾಗ ಅವಳಿಗೆ ಹೊಸ ಮದುವಣಗಿತ್ತಿಯ ಹಾಗೆ ನಾಚಿಕೆಯಾಗಿತ್ತು. ಹುಚ್ಚಿ, ಪಾಪ! ದಾರಿಯುದ್ದಕ್ಕೂ ನೀರಲ್ಲಿ ಕೈ ಆಡಿಸುತ್ತ ಬಂದಿದ್ದಳು.

ಸಾಂಗಲಿಯ ಘಾಟು ಕಂಡಾಗ ಅವನೆಂದಿದ್ದ, "ಇಲ್ಲೊಂದೀಟು ಇಳಿಯೂಣು. ಕಾಡಪ್ಪ ಸಾವಕಾರ್ರು ನಮ್ಮ ಪೇಟಿ ಮಂದಿ. ಮುಖ ತೋರಿಸಿ ಹೊಂಟರಾತು."

ಕಾಡಪ್ಪನ ಪಡಸಾಲೆಯಲ್ಲಿ ಮಠದ ಅಯ್ಯನವರೂ ನಾಲ್ಕು ಜನ ಹಿರಿಯರೂ ಕೂತಿದ್ದರು. ವ್ಯಾಪಾರದ ಮಾತಿರಬೇಕು ಅಂದುಕೊಂಡಳು. ಆ ಮನೆಯ ಮಗಳು ನೀರು ತಂದುಕೊಟ್ಟು, ತಲೆಯೆತ್ತದೆ ನಿಂತಳು. ಹಸಿರು ಖಣದ ಹೊಸ ಕುಬಸ, ಕೆಂಪು ಅಂಚು.

"ಖಣ ಭಾಳ ಚಂದೈತಿ ತಂಗಿ," ಎಂದು ಇವಳೇ ಬಾಯಿತುಂಬ ಹೊಗಳಿದ್ದಳು. ಕಾಡಪ್ಪನ ಹೆಂಡತಿ ಗುರುಶಾಂತವ್ವ, "ನಿಮಗೂ ಒಪ್ಪತೈತ್ರಿ," ಎಂದು ನಕ್ಕಿದ್ದಳು. ಆಮೇಲೆ ಪಡಸಾಲೆಗೇ ಕರೆತಂದು, ಎಲ್ಲರೆದುರು ಮಣೆ ಹಾಕಿ ಕೂಡಿಸಿ ಉಡಿ ತುಂಬಿದಳು. ಗಂಡಸರ ಮುಂದೆ ಯಾಕೆ ಅನ್ನಿಸಿತ್ತು. ಆದರೆ ಮಡಿಲು ತುಂಬದವಳಿಗೆ ಯಾರಾದರೂ ಅಷ್ಟು ಅಕ್ಕರೆಯಿಂದ ಉಡಿ ತುಂಬಲು ಬಂದರೆ ಬೇಡ ಎನ್ನಲು ಬಾಯಿ ಬರುತ್ತದೆಯೇ? ಕಣ್ಣು ಮುಚ್ಚಿ, ಮನಸ್ಸಿನಲ್ಲೇ ಶಿವನನ್ನು ಬೇಡಿಕೊಳ್ಳುತ್ತ ಸೆರಗೊಡ್ಡಿದ್ದಳು.

ಈಗ ಅಕ್ಕಿ, ಉತ್ತತ್ತಿ, ಅರಿಷಿಣದ ಬೇರುಗಳ ಅಡಿಯಿಂದ ಮಡಿಸಿಟ್ಟ ಖಣ ಹೊರಬಂತು. ಹಸಿರು. ಕೆಂಪು ಅಂಚು.

ಅವರ ಮನೆತನಗಳಲ್ಲಿ ಒಂದೇ ಥಾನಿನಿಂದ, ಅಂದರೆ ಒಂದೇ ಬಟ್ಟೆಯ ಸುರುಳಿಯಿಂದ, ಹರಿದ ಖಣವನ್ನು ಇಬ್ಬರಿಗೆ ಕೊಡುವುದು ಒಂದೇ ಸಂದರ್ಭದಲ್ಲಿ. ಎರಡನೆಯವಳಾಗಿ ಬರುವ ಹೆಣ್ಣು ಒಂದನ್ನು ತೊಟ್ಟಿರುತ್ತಾಳೆ. ಅವಳ ತಾಯಿ ಇನ್ನೊಂದನ್ನು ಮೊದಲ ಹೆಂಡತಿಯ ಉಡಿಗೆ ಹಾಕುತ್ತಾಳೆ. ಹಿರಿಯರೆದುರು ಸೆರಗೊಡ್ಡಿದಳೆಂದರೆ ಹಿರಿಯವಳು ಒಪ್ಪಿದಳೆಂದೇ ಲೆಕ್ಕ. ಆಮೇಲೆ ಮಾತಿಲ್ಲ.

ಗುರುಸಿದ್ಧಪ್ಪ ಎಲೆಯಡಿಕೆ ಮೆಲ್ಲುತ್ತ ಘಾಟಿನ ಮೆಟ್ಟಿಲಿಳಿದು ಬಂದ. ಹಣೆಯ ಮೇಲೆ ಹೊಸ ವಿಭೂತಿ. ಅವಳ ಕೈಯಲ್ಲಿದ್ದದ್ದನ್ನು ಕಂಡು ಅಲ್ಲೇ ನಿಂತ.

"ಲಿಂಗ ಅಂಗೈಯಾಗ ಹಿಡದು ಆಣಿ ಮಾಡಿದ್ರಿ," ಎಂದಳು ನೀಲಗಂಗವ್ವ. "ಇನ್ನೊಬ್ಬಾಕಿನ್ನ ತರೂದಿಲ್ಲ ಅಂತ."

"ಮೊದಲ ಹೇಳಿದ್ರ ನೀ ನಾವಿ ಹತ್ತತಿದ್ದೇನು?"

"ಅತ್ತು ಕರದು ಕಡೀಕ ನಾನ ಹೂಂ ಅಂತಿದ್ನೇನೋ. ಕೇಳಬೇಕಾಗಿತ್ತಲ್ರೀ. ನನ್ನ ಒಂದು ಮಾತು ಕೇಳಬೇಕಾಗಿತ್ತು."

ಅವನ ಮುಖ ಅರಳಿತು. "ಮತ್ತೇನು! ಹೂಂ ಅಂದಾಂಗ ಆತಲ್ಲ."

ಅವಳು ಎದ್ದು ನಿಂತು, ನಾವೆಯ ಅಂಚಿಗೆ ಬಾಗಿ ಇಡೀ ಉಡಿಯನ್ನು ಹೊಳೆಗೆ ಸುರಿದಳು. ಕೊನೆಗೆ ಖಣ.

"ಏ, ಉಡಿ ಚೆಲ್ಲತಾರೇನ!"

"ಚೆಲ್ಲಿಲ್ಲ. ಹೊಳಿಗೆ ತುಂಬೇನಿ. ಆಕಿನೂ ಮುತ್ತೈದಿನ."

"ನೀ ಏನು ಮಾಡಿದ್ರೂ ಅಷ್ಟ," ಎಂದ ಅವನು, ದನಿ ತಗ್ಗಿಸಿ. "ನೀ ಸೆರಗೊಡ್ಡಿದ್ದು ಮಂದಿ ನೋಡ್ಯಾರ. ಅಯ್ಯನವ್ರು ಲಗ್ನದ ದಿನಾ ತಗದಾರ."

ಅವನು ನಾವೆಗೆ ಕಾಲೆತ್ತಿದ. ಅವಳು ಅವನ ಕಡೆ ನೋಡಲಿಲ್ಲ.

"ಅಲ್ಲೆ ಇರ್ರಿ. ನಿಮ್ಮ ಬೀಗರ ಮನಿ ಮ್ಯಾಲೈತಿ. ಧೋಂಡಿಬಾ, ನಾವಿ ಬಿಡು. ನಮ್ಮಕ್ಕನ ಊರಿಗೆ."

ಧೋಂಡಿಬಾ ಒಮ್ಮೆ ಇವಳನ್ನು, ಒಮ್ಮೆ ಗುರುಸಿದ್ಧಪ್ಪನನ್ನು ನೋಡಿದ. ಬಾಯಲ್ಲಿದ್ದ ತಂಬಾಕನ್ನು ನೀರಿಗೆ ಉಗುಳಿ, ಗಳ ಊರಿ ನೂಕಿದ.

ನಾವೆ ಹರಿವಿಗೆದುರಾಗಿ ಮೆಲ್ಲಗೆ ಸಾಗಿತು. ಅಕ್ಕಿ ಮುಳುಗಿತ್ತು, ಖಣ ಮುಳುಗಿರಲಿಲ್ಲ. ಬಿಚ್ಚಿಕೊಂಡು ತೇಲುತ್ತ ಘಾಟಿನ ಮೆಟ್ಟಿಲುಗಳ ಕಡೆಗೆ ಹೊರಟಿತ್ತು. ಕೂಗುತ್ತಾನೇನೋ, ಹೆಸರು ಹಿಡಿದಾದರೂ ಒಮ್ಮೆ ಕರೆಯುತ್ತಾನೇನೋ ಎಂದು ಅವಳು ತಿರುಗಿ ನೋಡಿದಳು.

ಗುರುಸಿದ್ಧಪ್ಪ ಧೋತರ ಮೇಲೆತ್ತಿಕೊಂಡು ಕೊನೆಯ ಮೆಟ್ಟಿಲಿಗೆ ಇಳಿದಿದ್ದ. ಬಗ್ಗಿ ಖಣವನ್ನು ಹಿಡಿದ. ಚೆನ್ನಾಗಿ ಹಿಂಡಿ, ಕೊಡವಿ, ಮೊದಲಿನ ಮಡಿಕೆಗಳಲ್ಲೇ ಮಡಿಸತೊಡಗಿದ.